ಉಳಿಸಿದ ಹನಿಗಳಲ್ಲಿ ಹತ್ತಿದ ಬೆಟ್ಟ

ಮೂಡಣ ಇನ್ನೂ ಬಿಳುಪಾಗಿಲ್ಲ. ಪ್ರಯೋಗಾಲಯದ ಹಿಂಬದಿಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಬಿಳಿ ವ್ಯಾನುಗಳ ಗಾಜಿನ ಮೇಲೆ ಇಬ್ಬನಿ ಕೂತಿದೆ. ಕೊನೆಯ ವ್ಯಾನಿನ ಪಕ್ಕದಲ್ಲಿ ಹಳೆಯ ರಟ್ಟೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲೂರಿದ ಹೆಂಗಸೊಬ್ಬರು ಟೈರಿಗೆ ಗಾಳಿ ಅಳೆಯುವ ಮೀಟರನ್ನು ಒತ್ತಿ ಹಿಡಿದು, ಮುಳ್ಳು ನಿಲ್ಲುವುದನ್ನೇ ಕಾಯುತ್ತಿದ್ದಾರೆ. ಒಂದಾದ ಮೇಲೊಂದರಂತೆ ನಾಲ್ಕೂ ಟೈರುಗಳನ್ನು ನೋಡಿ, ಎದ್ದು, ಉಣ್ಣೆಯಂಗಿಯ ತೋಳಿಗೆ ಕೈ ಒರೆಸಿಕೊಳ್ಳುತ್ತಾರೆ.

"ಟೈರು ತಣ್ಣಗಿದ್ದಾಗಲೇ ನೋಡ್ಬೇಕು," ಎನ್ನುತ್ತಾರೆ. "ಓಡಿ ಬಿಸಿಯಾದ ಮೇಲೆ ನೋಡಿದ್ರೆ ಗಾಳಿ ಉಬ್ಬಿರುತ್ತೆ, ಸುಳ್ಳು ಹೇಳುತ್ತೆ. ಗಾಳಿ ಕಮ್ಮಿ ಇದ್ರೆ ಗಾಡಿ ಕೆಸರಲ್ಲಿ ಕಾಲು ಎಳ್ಕೊಂಡು ಹೋದ ಹಾಗೆ ಹೋಗುತ್ತೆ. ಕೆಲಸ ಕಮ್ಮಿ, ಕುಡಿಯೋದು ಜಾಸ್ತಿ."

ಕಾವಲುಗಾರ ತನ್ನ ಕೋಣೆಯ ಕಿಟಕಿಯಿಂದಲೇ ಕೂಗುತ್ತಾನೆ: "ಏನಕ್ಕ, ಟೈರುಗಳ ನಾಡಿ ನೋಡಿ ಆಯ್ತಾ?"

"ಆಯ್ತಣ್ಣ. ನಾಲ್ವರೂ ಆರೋಗ್ಯವಾಗಿದ್ದಾರೆ."

"ನಿಮ್ಮ ನಾಡಿ ಯಾರು ನೋಡ್ತಾರೆ?"

"ಅದಕ್ಕೆ ಮೀಟರ್ ಇನ್ನೂ ಬಂದಿಲ್ಲ ಬಿಡಣ್ಣ."

ಅಷ್ಟೇ ಮಾತು. ಇನ್ನು ಮಧ್ಯಾಹ್ನದವರೆಗೆ ಇವರೊಡನೆ ಎರಡು ವಾಕ್ಯಕ್ಕಿಂತ ಹೆಚ್ಚು ಆಡುವವರು ಯಾರೂ ಇಲ್ಲ. ಊರಿನ ಆಚೆ ಚದುರಿಹೋಗಿರುವ ಸಣ್ಣ ಚಿಕಿತ್ಸಾಲಯಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬಿಗಳಲ್ಲಿ ಹೊತ್ತು ತಂದು ಪ್ರಯೋಗಾಲಯಕ್ಕೆ ಒಪ್ಪಿಸುವುದು ಇವರ ವೃತ್ತಿ. ಡಬ್ಬಿಗಳನ್ನು ತರುವವರಾದ್ದರಿಂದ ಎಲ್ಲರ ಬಾಯಲ್ಲೂ ಡಬ್ಬಿಯಕ್ಕ. ವೈದ್ಯರು ರೋಗಿಗೆ "ವರದಿ ಬಂದಿದೆ" ಎಂದು ಹೇಳುವ ಆ ಒಂದು ಮಾತಿನ ಹಿಂದೆ ಎಷ್ಟು ದೂರದ ದಾರಿ ಮಲಗಿದೆಯೆಂಬುದು ವೈದ್ಯರಿಗೂ ತಿಳಿಯದು, ರೋಗಿಗೂ ತಿಳಿಯದು.

ಇಂದಿನ ದಿನಕ್ಕೆ ಮಾತ್ರ ಬೇರೊಂದು ಭಾರವಿದೆ. ಇವರ ದಾರಿಯ ತುತ್ತತುದಿಯಲ್ಲಿರುವ ಬೆಟ್ಟದ ಚಿಕಿತ್ಸಾಲಯಕ್ಕೆ ಇನ್ನು ಮುಂದೆ ವ್ಯಾನು ಹೋಗಬೇಕೇ ಬೇಡವೇ ಎಂಬುದು ಇಂದು ಸಂಜೆಯೊಳಗೆ ನಿರ್ಧಾರವಾಗಲಿದೆ. ಚಳಿಗಾಲವಿಡೀ ನಡೆದ ಪರೀಕ್ಷೆಗೆ ಇದು ಕೊನೆಯ ದಿನ. ದಿನವೂ ಅಳೆದು ಕೊಟ್ಟ ಡೀಸೆಲ್ಲಿನಲ್ಲಿಯೇ ಬೆಟ್ಟವನ್ನು ಹತ್ತಿ ಇಳಿದು ಬರಬೇಕು. ಬಂದಾಗ ಟ್ಯಾಂಕಿನಲ್ಲಿ ನಿಯಮದಷ್ಟು ಮೀಸಲು ಉಳಿದಿರಬೇಕು. ಒಂದು ದಿನ ತಪ್ಪಿದರೂ ಬೆಟ್ಟ ಕೈಬಿಟ್ಟುಹೋಗುತ್ತದೆ. ಇಲ್ಲಿಯವರೆಗೆ ತಪ್ಪಿಲ್ಲ.

ಡಬ್ಬಿಯಕ್ಕ ಆಸನದಲ್ಲಿ ಕುಳಿತು ಕನ್ನಡಿಯನ್ನು ಸರಿಪಡಿಸಿ, ಕ್ಷಣಕಾಲ ಕಣ್ಣು ಮುಚ್ಚಿ, ಕೀಲಿ ತಿರುಗಿಸುತ್ತಾರೆ. ಉಳಿದ ಚಾಲಕರಂತೆ ಇಂಜಿನ್ನನ್ನು ನಿಂತಲ್ಲೇ ಗುರುಗುಟ್ಟಿಸಿ ಬಿಸಿ ಮಾಡುವ ಅಭ್ಯಾಸ ಇವರಿಗಿಲ್ಲ. "ನಿಂತಲ್ಲೇ ಉರಿದ್ರೆ ಊರು ಬರುತ್ತಾ? ಮೆಲ್ಲಗೆ ನಡೀತಾ ನಡೀತಾ ಅದೇ ಬೆಚ್ಚಗಾಗುತ್ತೆ," ಎನ್ನುತ್ತಾ ಗೇಟು ದಾಟುತ್ತಾರೆ.

ಹಿಂದಿನ ಕಾಲದವರು ಕುದುರೆಯ ಅಂತರಂಗವನ್ನು ಅರಿತು ರಥ ನಡೆಸುವುದನ್ನು ಒಂದು ವಿದ್ಯೆಯೆಂದೇ ಎಣಿಸಿ, ಅದಕ್ಕೆ ಅಶ್ವಹೃದಯವೆಂಬ ಸುಂದರವಾದ ಹೆಸರನ್ನಿಟ್ಟಿದ್ದರು. ಕುದುರೆಗಳು ಹೋದವು, ಲೋಹದ ವಾಹನಗಳು ಬಂದವು. ವಿದ್ಯೆ ಮಾತ್ರ ಎಲ್ಲೋ ಒಬ್ಬಿಬ್ಬರ ಪಾದಗಳಲ್ಲಿ ಉಳಿದುಕೊಂಡಿದೆ. ಡಬ್ಬಿಯಕ್ಕನ ಬಲಗಾಲು ಆಕ್ಸಿಲರೇಟರಿನ ಮೇಲೆ ಒರಗುವುದಿಲ್ಲ, ಮಲಗಿದ ಮಗುವಿನ ಎದೆಯ ಮೇಲೆ ಕೈಯಿಟ್ಟಂತೆ ಇರುತ್ತದೆ. ಇಂಜಿನ್ನಿನ ದನಿ ತುಸು ಏರಿತೆಂದರೆ ಮೇಲಿನ ಗೇರು. ಅದು ಗೊಣಗಿತೆಂದರೆ ಕೆಳಗಿನದು. ದೂರದ ಸಿಗ್ನಲ್ಲಿನಲ್ಲಿ ಕೆಂಪು ಕಂಡೊಡನೆ ಕಾಲು ತೆಗೆದುಬಿಡುತ್ತಾರೆ. ವ್ಯಾನು ತನ್ನ ಓಟದ ಋಣದಲ್ಲಿಯೇ ತೇಲುತ್ತಾ ಸಾಗಿ, ಸಿಗ್ನಲ್ಲಿನ ಸಮೀಪ ಬರುವ ಹೊತ್ತಿಗೆ ಸಾಮಾನ್ಯವಾಗಿ ಹಸಿರು ಬಿದ್ದಿರುತ್ತದೆ.

"ಬ್ರೇಕ್ ಒತ್ತೋದು ಅಂದ್ರೆ ಆಗ್ಲೇ ಸುಟ್ಟ ಡೀಸೆಲನ್ನ ಮತ್ತೆ ರಸ್ತೆಗೆ ಚೆಲ್ಲಿದ ಹಾಗೆ," ಎನ್ನುತ್ತಾರೆ. "ಒತ್ಲೇಬಾರದು ಅಂತಲ್ಲ. ಜೀವಕ್ಕೆ ಬೇಕಾದಾಗ ಎರಡೂ ಕಾಲು ಹಾಕಿ ಒತ್ತಬೇಕು. ಆದ್ರೆ ದಿನಕ್ಕೆ ನೂರು ಸಲ ಜೀವಕ್ಕೆ ಬೇಕಾಗುತ್ತೆ ಅಂದ್ರೆ, ಓಡಿಸೋರು ಮುಂದೆ ನೋಡ್ತಾ ಇಲ್ಲ ಅಂತ."

ಹಿಂದಿನಿಂದ ಬರುವವರಿಗೆ ಇಷ್ಟು ತಾಳ್ಮೆ ಎಲ್ಲಿಯದು? ಸರಕು ಗಾಡಿಯೊಂದು ಹಾರ್ನು ಬಾರಿಸುತ್ತಾ ಪಕ್ಕಕ್ಕೆ ಬಂದು, ಚಾಲಕ ಕಿಟಕಿಯಿಂದ ತಲೆ ಹೊರಹಾಕುತ್ತಾನೆ. "ಏನಮ್ಮಾ, ಗಾಡಿ ಓಡಿಸ್ತಿದ್ದೀಯಾ, ಇಲ್ಲ ಮೇಯಿಸ್ತಿದ್ದೀಯಾ?"

"ಮೇಯಿಸಿದ್ರೆ ಖರ್ಚಾಗುತ್ತೆ ಅಂತಲೇ ಓಡಿಸ್ತಿದ್ದೀನಿ ತಮ್ಮಾ. ನೀನು ಮುಂದೆ ಹೋಗು, ಸಿಗ್ನಲ್ಲಲ್ಲಿ ಸಿಗೋಣ."

ಸಿಗ್ನಲ್ಲಿನಲ್ಲಿ ಸಿಗುತ್ತಾರೆ ಕೂಡ. ಸರಕು ಗಾಡಿಯವ ಕೆಂಪು ದೀಪದೆದುರು ಇಂಜಿನ್ನು ಗುಡುಗಿಸುತ್ತಾ ನಿಂತಿದ್ದಾನೆ. ಇವರು ತೇಲಿ ಬಂದು ಪಕ್ಕದಲ್ಲಿ ಸೇರುತ್ತಾರೆ. ಅವನು ನೋಡದವನಂತೆ ಮುಖ ತಿರುಗಿಸುತ್ತಾನೆ. ಇವರೂ ಗೆದ್ದವರಂತೆ ನಗುವುದಿಲ್ಲ. ರೈಲ್ವೆ ಗೇಟು ಮುಚ್ಚಿದ್ದರೆ ಕೀಲಿಯನ್ನೇ ತಿರುಗಿಸಿ ಇಂಜಿನ್ನಿಗೆ ಮೌನ ಕೊಡುತ್ತಾರೆ. ಸುತ್ತ ಎಲ್ಲರ ಗಾಡಿಗಳು ಗುರುಗುಡುತ್ತಿರುವಾಗ ಒಬ್ಬರೇ ಸುಮ್ಮನೆ ಕುಳಿತು, ಡಬ್ಬಿಗಳೊಳಗೆ ಐಸು ಸರಿದಾಡುವ ಸಣ್ಣ ಸದ್ದನ್ನು ಆಲಿಸುತ್ತಾರೆ.

ಹಾಗೆಂದು ಮೆಲ್ಲಗೆ ಹೋಗುವುದೇ ಇಲ್ಲಿ ಪರಮಧರ್ಮವಲ್ಲ. ಸ್ಯಾಂಪಲ್ಲುಗಳು ಮಧ್ಯಾಹ್ನದೊಳಗೆ ಪ್ರಯೋಗಾಲಯ ಸೇರದಿದ್ದರೆ ಕೆಟ್ಟುಹೋಗುತ್ತವೆ. ವೇಗ ಹೆಚ್ಚಾದರೆ ಡೀಸೆಲ್ ಸಾಲದು, ಕಡಿಮೆಯಾದರೆ ಹೊತ್ತು ಸಾಲದು. ಈ ಎರಡರ ನಡುವೆ ಇರುವುದು ಕೂದಲೆಳೆಯಷ್ಟು ದಾರಿ. ಅದರ ಮೇಲೆ ವಾರಕ್ಕೆ ಆರು ದಿನ ಈ ಹೆಂಗಸು ನಡೆಯುತ್ತಾರೆ.

ಡಬ್ಬಿಯಕ್ಕನಿಗೆ ಗಾಡಿ ಕಲಿಸಿದವರು ಅವರ ಗಂಡ. ಪೀಠೋಪಕರಣಗಳ ಅಂಗಡಿಯೊಂದರಲ್ಲಿ ಮಂಚ, ಕಪಾಟುಗಳನ್ನು ಮನೆಮನೆಗೆ ತಲುಪಿಸುವ ವ್ಯಾನಿನ ಚಾಲಕರಾಗಿದ್ದರು. ರಜೆಯ ದಿನ ಖಾಲಿ ವ್ಯಾನಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರಾಚೆಯ ಏರುರಸ್ತೆಗೆ ಕರೆದೊಯ್ಯುತ್ತಿದ್ದರು. "ನನ್ನ ಕಾಲು ಕಾಲಲ್ಲ, ಕಲ್ಲು ಅಂತಿದ್ರು ಅವರು. ಮೊದಮೊದಲು ಹಾಗೇ ಇತ್ತು. ಒತ್ತಿದ್ರೆ ಹಾರೋದು, ಬಿಟ್ರೆ ನಿಂತುಬಿಡೋದು. 'ಅಡುಗೆಮನೇಲಿ ಒಲೆ ಉರಿ ಎಷ್ಟು ಚೆನ್ನಾಗಿ ಸಣ್ಣ ಮಾಡ್ತೀಯಾ, ಇಲ್ಲೂ ಹಾಗೇ ಮಾಡೇ' ಅಂದ್ರು. ಅವತ್ತೇ ಬಂದುಬಿಡ್ತು ನೋಡಿ."

ಗಂಡ ತೀರಿಕೊಂಡಾಗ ಇವರಿಗೆ ಮಕ್ಕಳಿರಲಿಲ್ಲ, ಓದು ಹೆಚ್ಚಿರಲಿಲ್ಲ. ಗಾಡಿ ಓಡಿಸುವ ಪರವಾನಗಿ ಇತ್ತು. ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುವ ನಾದಿನಿ ಜೊತೆಗೆ ಬಂದಿದ್ದರಿಂದ ಬಾಡಿಗೆಯ ಒಂದು ಕೋಣೆ ಇಬ್ಬರ ಮನೆಯಾಯಿತು. ಮನೆಯೆಂದರೆ ಮನೆ, ಆದರೆ ಇಬ್ಬರೂ ಒಟ್ಟಿಗೆ ಅಲ್ಲಿರುವುದು ಅಪರೂಪ. ಒಬ್ಬರು ಇಳಿಯುವ ಹೊತ್ತಿಗೆ ಇನ್ನೊಬ್ಬರು ಹತ್ತುತ್ತಾರೆ. ಮಾತುಕತೆಯೆಲ್ಲ ಮೆಟ್ಟಿಲ ಮೇಲೆ.

"ಅತ್ತಿಗೆ, ಸ್ವೆಟರ್ ಹಾಕ್ಕೊಂಡ್ರಾ? ಹೊರಗೆ ಕೊರೀತಾ ಇದೆ."

"ಹಾಕ್ಕೊಂಡೆ ಕಣೇ. ನೀನು ತಿಂದ್ಯಾ?"

"ನಿಂತ್ಕೊಂಡೇ ತಿಂದೆ. ಸಂಜೆಗೆ ನಿಮಗೆ ಮುಚ್ಚಿಡ್ತೀನಿ."

"ಹಾಸಿಗೆ ಇನ್ನೂ ಬೆಚ್ಚಗಿದೆ. ಬೇಗ ಹೋಗಿ ಮಲ್ಕೋ, ತಣ್ಣಗಾಗೋದ್ರೊಳಗೆ."

ಆ ಕೋಣೆಯಲ್ಲಿರುವುದು ಒಂದೇ ಹಾಸಿಗೆ. ಒಬ್ಬರು ಬಿಟ್ಟುಹೋದ ಬಿಸುಪಿನಲ್ಲಿ ಇನ್ನೊಬ್ಬರು ಮಲಗುತ್ತಾರೆ. ವಾರದ ರಜೆಯೂ ಇಬ್ಬರದು ಬೇರೆ ಬೇರೆ ದಿನ. "ಅವಳ ಮುಖಕ್ಕಿಂತ ಅವಳ ದಿಂಬಿನ ಗುಳಿ ನನಗೆ ಚೆನ್ನಾಗಿ ಗೊತ್ತು," ಎಂದು ಡಬ್ಬಿಯಕ್ಕ ನಗುತ್ತಾರೆ. ಆ ನಗು ತುಟಿಯಿಂದಾಚೆ ಬರುವುದಿಲ್ಲ.

ಬೆಟ್ಟದ ವ್ಯಾಜ್ಯ ಹುಟ್ಟಿದ್ದು ಇವರ ಪ್ರಾಮಾಣಿಕತೆಯಿಂದಲೇ. ಪ್ರಯೋಗಾಲಯದಲ್ಲಿ ಪ್ರತಿಯೊಂದು ದಾರಿಗೂ ಇಷ್ಟೆಂದು ಡೀಸೆಲ್ ಗೊತ್ತುಮಾಡುತ್ತಾರೆ. ಹಿಂದಿನ ವರ್ಷ ಖರ್ಚಾದದ್ದನ್ನು ನೋಡಿ ಮುಂದಿನ ವರ್ಷದ ಅಳತೆ. ಬಲ್ಲ ಚಾಲಕರು ಉಳಿದರೂ ಉಳಿಯಿತೆನ್ನುವುದಿಲ್ಲ. ವರ್ಷದ ಕೊನೆಯಲ್ಲಿ ಇಂಜಿನ್ನು ಸುಮ್ಮನೆ ಉರಿಸಿಯಾದರೂ ಲೆಕ್ಕ ಸರಿದೂಗಿಸುತ್ತಾರೆ. ಹೊಸಬರಾದ ಡಬ್ಬಿಯಕ್ಕನಿಗೆ ಈ ಒಳಸುಳಿ ತಿಳಿಯದು. ಮೊದಲ ವರ್ಷವೆಲ್ಲ ಉಳಿದದ್ದನ್ನು ಉಳಿದಂತೆಯೇ ಹೇಳಿ ಒಪ್ಪಿಸಿದರು. ಕಚೇರಿಯವರು ಬೆನ್ನು ತಟ್ಟಲಿಲ್ಲ. ಇಷ್ಟರಲ್ಲಿಯೇ ಸಾಗುತ್ತದಲ್ಲವೇ ಎಂದು ಮರುವರ್ಷದ ಅಳತೆಯನ್ನು ಕತ್ತರಿಸಿದರು. ಮತ್ತೆ ಉಳಿಸಿದರು, ಮತ್ತೆ ಕತ್ತರಿಸಿದರು. ಮೂರನೆಯ ಸಲ ಕತ್ತರಿಸಿದಾಗ ಕಾಗದದ ಲೆಕ್ಕಕ್ಕೆ ಬೆಟ್ಟದವರೆಗಿನ ದಾರಿಗೆ ಡೀಸೆಲ್ ಸಾಲದಾಯಿತು. "ಸಾಲದಿದ್ದರೆ ಕೊನೆಯ ಜಾಗ ಬಿಟ್ಟುಬಿಡಿ" ಎಂದು ಕಾಗದದಲ್ಲಿ ಬರೆದು ಕಳುಹಿಸಿತು ಕಚೇರಿ.

"ಉಳಿಸಿದ್ದು ನಾನು, ಉಪವಾಸ ಬಿದ್ದಿದ್ದು ಬೆಟ್ಟ," ಎನ್ನುತ್ತಾರೆ ಡಬ್ಬಿಯಕ್ಕ. "ಆ ದಿನ ನನಗೆ ಅನ್ನ ಇಳೀಲಿಲ್ಲ."

ಬೆಟ್ಟದ ಮೇಲೆ ಕಲ್ಲಿನ ಗಣಿ ಇದೆ, ಗಣಿಯ ಸುತ್ತ ಮನೆಗಳಿವೆ, ಎರಡು ಕೋಣೆಯ ಚಿಕಿತ್ಸಾಲಯವಿದೆ. ಅಲ್ಲಿ ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ. ನಿತ್ಯ ಇರುವವರು ನರ್ಸಮ್ಮ ಒಬ್ಬರೇ. ಬಸುರಿಯರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ಕಲ್ಲಿನ ದೂಳು ಕುಡಿದ ಎದೆಗಳಿವೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡ ಕಲ್ಲುಕುಟಿಗ ತಾತನೊಬ್ಬನಿದ್ದಾನೆ. ರಕ್ತ ಹೆಪ್ಪುಗಟ್ಟದಂತೆ ಅವನು ಮಾತ್ರೆ ನುಂಗಬೇಕು. ಮಾತ್ರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ರಕ್ತ ಪರೀಕ್ಷಿಸಿಯೇ ತಿಳಿಯಬೇಕು. ವ್ಯಾನು ಬಾರದಿದ್ದರೆ ಇವರೆಲ್ಲ ಬಸ್ಸು ಹಿಡಿದು ಇಳಿದು, ಒಂದು ದಿನದ ದುಡಿಮೆ ಬಿಟ್ಟು, ಊರಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ನಿಲ್ಲುವವರು ಕಡಿಮೆ. ಹೆಚ್ಚಿನವರು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ.

ಆದ್ದರಿಂದ ಡಬ್ಬಿಯಕ್ಕ ಬೆಟ್ಟವನ್ನು ಬಿಡಲಿಲ್ಲ. ಕೊಟ್ಟ ಡೀಸೆಲ್ಲಿನಲ್ಲಿಯೇ ಹನಿಹನಿ ಉಳಿಸಿ ದಿನವೂ ಹತ್ತಿದರು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಡಬ್ಬಿಗಳು ಬರುತ್ತಿದ್ದವು, ಪ್ರಯೋಗಾಲಯದವರು ಪರೀಕ್ಷಿಸುತ್ತಿದ್ದರು, ವರದಿಗಳು ಹೋಗುತ್ತಿದ್ದವು. ಹಿಂದಿರುಗುವ ಹೊತ್ತಿಗೆ ಟ್ಯಾಂಕು ಮಾತ್ರ ತಳ ಕಾಣುತ್ತಿತ್ತು.

ಈ ಚಳಿಗಾಲದ ಆರಂಭದಲ್ಲಿ ವಾಹನ ವಿಭಾಗಕ್ಕೆ ಹೊಸ ಮೇಲ್ವಿಚಾರಕರು ಬಂದರು. ತಾವೂ ಬಹುಕಾಲ ಚಾಲಕರಾಗಿದ್ದು, ಸೊಂಟ ಕೈಕೊಟ್ಟ ಮೇಲೆ ಕುರ್ಚಿ ಹಿಡಿದವರು. ಎಲ್ಲ ವ್ಯಾನುಗಳ ಮೀಟರುಗಳನ್ನು ಮೂಗು ತಾಗಿಸಿ ನೋಡುವ ಅಭ್ಯಾಸದಿಂದಾಗಿ, ಬಂದ ವಾರದಲ್ಲಿಯೇ ಅವರಿಗೆ 'ಮೀಟರ್ ಸಾರ್' ಎಂಬ ಹೆಸರು ಬಿದ್ದಿತ್ತು. ಒಂದು ಬೆಳಗ್ಗೆ ಅವರು ಡಬ್ಬಿಯಕ್ಕನನ್ನು ಕರೆದರು.

"ಏನಮ್ಮ, ನಿಮ್ಮ ಗಾಡಿ ಎಲ್ಲರಿಗಿಂತ ದೂರ ಓಡಿದೆ, ಎಲ್ಲರಿಗಿಂತ ಕಮ್ಮಿ ಕುಡಿದಿದೆ. ಇದು ಹೇಗೆ? ಒಂದೋ ಮೀಟರ್ ಕೆಟ್ಟಿದೆ, ಇಲ್ಲ ನೀವು ಕೆಟ್ಟಿದ್ದೀರಿ."

"ಎರಡೂ ನೆಟ್ಟಗಿದೆ ಸಾರ್. ನಾನು ಬೆಟ್ಟಕ್ಕೆ ಹೋಗ್ತೀನಿ."

"ಯಾರು ಹೇಳಿದ್ರು ಹೋಗೋಕೆ?"

"ಹೋಗಬೇಡ ಅಂತ ನನ್ನ ಎದುರಿಗೆ ಯಾರೂ ಹೇಳ್ಲಿಲ್ಲ ಸಾರ್."

ಮೀಟರ್ ಸಾರ್ ಕೂಗಾಡಲಿಲ್ಲ; ಆದರೆ ಅವರು ಹೇಳಿದ್ದು ಕೂಗಾಟಕ್ಕಿಂತ ಕಠಿಣವಾಗಿತ್ತು. ಗೊತ್ತುಮಾಡದ ದಾರಿಯಲ್ಲಿ ವ್ಯಾನಿಗೆ ಏನಾದರೂ ಆದರೆ ವಿಮೆಯಿಲ್ಲ, ಹೊಣೆಯಿಲ್ಲ. ಟ್ಯಾಂಕು ತಳ ಕಂಡ ಗಾಡಿ ಬೆಟ್ಟದ ತಿರುವಿನಲ್ಲಿ ನಿಂತರೆ ಬೆಟ್ಟದ ಡಬ್ಬಿ ಮಾತ್ರವಲ್ಲ, ಎಲ್ಲ ಜಾಗಗಳ ಡಬ್ಬಿಗಳೂ ಹಾಳು. ಬೆಟ್ಟ ದಾರಿಯೊಳಗೆ ಸೇರಬೇಕು, ಇಲ್ಲವೇ ನಿಲ್ಲಬೇಕು, ನಡುವಿನದು ಇಲ್ಲ. ಅದು ನಿಜವೆಂದು ಡಬ್ಬಿಯಕ್ಕನಿಗೂ ಗೊತ್ತಿತ್ತು.

"ನಾಳೆ ನಾನೂ ಬರ್ತೀನಿ," ಎಂದರು ಮೀಟರ್ ಸಾರ್. "ಓಡಿಸಿ ತೋರಿಸಿ."

ಮರುದಿನ ಪಕ್ಕದ ಆಸನದಲ್ಲಿ ಮನುಷ್ಯರೊಬ್ಬರು ಕುಳಿತರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಮಾತಾಡಬೇಕೋ ಸುಮ್ಮನಿರಬೇಕೋ ತೋರದೆ ಡಬ್ಬಿಯಕ್ಕ ಒಂದೆರಡು ಗೇರು ತಪ್ಪಿದರು. ಮೀಟರ್ ಸಾರ್ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರೂ ಕಿವಿಯೆಲ್ಲ ಇಂಜಿನ್ನಿನ ಮೇಲೆಯೇ ಇತ್ತು. ಕೆಂಪು ದೀಪದೆಡೆಗೆ ತೇಲಿದಾಗ "ಹ್ಞೂಂ" ಎಂದರು. ರೈಲ್ವೆ ಗೇಟಿನಲ್ಲಿ ಇಂಜಿನ್ನು ಆರಿಸಿದಾಗ ಮತ್ತೊಮ್ಮೆ "ಹ್ಞೂಂ". ಬೆಟ್ಟದ ಬುಡದ ಚಿಕಿತ್ಸಾಲಯದಲ್ಲಿ ಮಾತ್ರ ಬಾಯಿಬಿಟ್ಟರು: "ಈ ತುಂಬಿದ ಡಬ್ಬಿಗಳನ್ನೆಲ್ಲ ಬೆಟ್ಟ ಯಾಕೆ ಹತ್ತಿಸ್ತೀರಿ? ಅವಕ್ಕೇನು ಗಾಳಿ ಬದಲಾವಣೆ ಬೇಕಾ? ಇಲ್ಲಿನ ಫ್ರಿಜ್ಜಲ್ಲಿ ಇಟ್ಟು ಹೋಗಿ, ಬರೋವಾಗ ಎತ್ಕೊಳ್ಳಿ."

ಡಬ್ಬಿಯಕ್ಕ ತಲೆಯಾಡಿಸಿದರು. ಇಷ್ಟು ದಿನ ತಮಗೇಕೆ ಹೊಳೆಯಲಿಲ್ಲವೆಂಬ ನಾಚಿಕೆ ಬೇರೆ.

ಬೆಟ್ಟ ಹತ್ತಿ, ಡಬ್ಬಿ ತೆಗೆದುಕೊಂಡು, ಇಳಿಯಲು ತೊಡಗಿದಾಗ ಅವರು ಎಂದಿನಂತೆ ಗೇರು ತೆಗೆದು ನ್ಯೂಟ್ರಲ್ಲಿಗೆ ತಂದರು. ಇಂಜಿನ್ನಿನ ದನಿ ಒಮ್ಮೆಗೇ ಇಳಿದುಹೋಯಿತು. ಗಾಳಿಯ ಸುಯ್ಲು, ಟೈರುಗಳ ಸರಸರ ಇವೆರಡೇ ಉಳಿದವು.

"ಗೇರು ಹಾಕಿ," ಎಂದರು ಮೀಟರ್ ಸಾರ್.

"ಇಳಿಜಾರಲ್ಲವಾ ಸಾರ್? ಡೀಸೆಲ್ ಉಳಿಯುತ್ತೆ."

"ಉಳಿಯಲ್ಲ. ಹಾಕಿ ಮೊದಲು."

ಗೇರು ಹಾಕಿದರು. ಇಂಜಿನ್ನು ದಪ್ಪ ದನಿಯಲ್ಲಿ ವ್ಯಾನನ್ನು ಹಿಡಿದುಕೊಂಡಿತು. ತಿರುವಿನ ಅಗಲವಾದ ಜಾಗದಲ್ಲಿ ನಿಲ್ಲಿಸಲು ಹೇಳಿ, ಮೀಟರ್ ಸಾರ್ ವಿವರಿಸಿದರು. ಕಡಿದಾದ ಇಳಿಜಾರಿನಲ್ಲಿ ಗೇರು ಹಾಕಿ ಕಾಲು ತೆಗೆದುಬಿಟ್ಟರೆ ಉರುಳುವ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಈಗಿನ ಗಾಡಿಗಳಲ್ಲಿ ಆಗ ಡೀಸೆಲ್ ಪೂರ್ತಿಯಾಗಿ ನಿಂತುಹೋಗುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ನು ಆರದೆ ಉಳಿಯಲೆಂದು ಸದ್ದಿಲ್ಲದೆ ಕುಡಿಯುತ್ತಲೇ ಇರುತ್ತದೆ. ಸಾಲದ್ದಕ್ಕೆ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕು ಕಾದು ಕೈಕೊಟ್ಟರೆ ಹಿಡಿಯುವವರಿಲ್ಲ.

"ಅದು ನಮ್ಮನೆಯವರು ಹೇಳಿಕೊಟ್ಟಿದ್ದು ಸಾರ್," ಎಂದರು ಡಬ್ಬಿಯಕ್ಕ.

"ಅವರು ಓಡಿಸ್ತಿದ್ದು ಯಾವ ಗಾಡಿ?"

"ಹಳೇದು. ಅಂಗಡಿಯವರ ಹಳೇ ವ್ಯಾನು."

"ಅದಕ್ಕೇ ಮತ್ತೆ. ಆ ಕಾಲದಲ್ಲಿ ನಾನೂ ಹಾಗೇ ಇಳೀತಿದ್ದೆ ಕಣಮ್ಮ, ನಾವೆಲ್ಲ ಹಾಗೇ ಕಲ್ತಿದ್ದು. ಗಾಡಿ ಬದಲಾಯ್ತು. ಹೇಳಿಕೊಟ್ಟವರ ತಪ್ಪಲ್ಲ ಅದು."

ಮೀಟರ್ ಸಾರ್‌ಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ರಜೆಯ ದಿನದ ಆ ಖಾಲಿ ವ್ಯಾನು ಏರುರಸ್ತೆಯಿಂದ ಇಳಿಯುವಾಗ ಗಂಡ ಗೇರು ತೆಗೆದು, "ಈಗ ಕೇಳು" ಎನ್ನುತ್ತಿದ್ದರು. ಇಂಜಿನ್ನಿನ ಸದ್ದು ತಗ್ಗಿ, ಗಾಳಿ ಮಾತ್ರ ಕೇಳುತ್ತಿತ್ತು. ಆಗ ಇಬ್ಬರೂ ಮಾತಾಡುತ್ತಿರಲಿಲ್ಲ. ಗಂಡ ಹೋದ ಮೇಲೆ ಡಬ್ಬಿಯಕ್ಕ ದಿನಕ್ಕೊಮ್ಮೆ ಬೆಟ್ಟದ ಇಳಿಜಾರಿನಲ್ಲಿ ಆ ಮೌನವನ್ನು ಕೇಳುತ್ತಾ ಇಳಿಯುತ್ತಿದ್ದರು. ಡೀಸೆಲ್ ಉಳಿಸುವುದಕ್ಕೆಂದು ತಮಗೆ ತಾವೇ ಹೇಳಿಕೊಂಡಿದ್ದರು. ದಿನದಲ್ಲಿ ಒಂಟಿತನ ಒಂಟಿತನವೆನಿಸದಿದ್ದ ಹೊತ್ತು ಅದೊಂದೇ.

ಮೀಟರ್ ಸಾರ್ ಅಂದೇ ತಮ್ಮ ಮಾತು ಹೇಳಿದರು. ಅಳತೆಯನ್ನು ಏರಿಸುವ ಅಧಿಕಾರ ತಮಗಿಲ್ಲ. ಚಳಿಗಾಲ ಮುಗಿಯುವವರೆಗೆ ಪ್ರತಿದಿನವೂ ನಿಯಮದ ಮೀಸಲು ಉಳಿಸಿಕೊಂಡು ಬಂದರೆ, ಬೆಟ್ಟವನ್ನು ದಾರಿಗೆ ಸೇರಿಸುವ ಅಧಿಕಾರ ಮಾತ್ರ ಇದೆ. ಅಲ್ಲಿಯವರೆಗಿನ ಹೊಣೆ ತಮ್ಮದೆಂದು ಸಹಿ ಮಾಡಿಕೊಟ್ಟರು.

ಮೊದಲ ವಾರ ಡಬ್ಬಿಯಕ್ಕನ ಕೈ ಬೆಟ್ಟದ ನೆತ್ತಿಯಲ್ಲಿ ತನ್ನಷ್ಟಕ್ಕೆ ನ್ಯೂಟ್ರಲ್ಲಿನತ್ತ ಹೋಗುತ್ತಿತ್ತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಇಂಜಿನ್ನು ಇಡೀ ಇಳಿಜಾರಿನುದ್ದಕ್ಕೂ ಹೂಂಗುಟ್ಟುತ್ತಿತ್ತು. "ಯಾರೋ ಗೊತ್ತಿಲ್ಲದೋರು ಪಕ್ಕದಲ್ಲಿ ಕೂತು ಒಂದೇ ಸಮ ಗೊಣಗ್ತಾ ಇದ್ದ ಹಾಗೆ ಅನ್ಸೋದು," ಎನ್ನುತ್ತಾರೆ. "ಬೆಟ್ಟ ಬೇಕಾ, ಅದು ಬೇಕಾ ಅಂತ ನನ್ನನ್ನೇ ಕೇಳ್ಕೊಂಡೆ. ಬೆಟ್ಟದ ಮೇಲೆ ಜನ ಇದ್ದಾರೆ. ಅಲ್ಲಿ... ಇಳಿಜಾರಲ್ಲಿ ಯಾರೂ ಇಲ್ಲ, ನನಗೂ ಗೊತ್ತು."

ಇಷ್ಟು ಹೇಳಿ ಅವರು ಗೇರು ಬದಲಿಸುತ್ತಾರೆ. ವ್ಯಾನು ಬೆಟ್ಟದ ಕೊನೆಯ ತಿರುವು ದಾಟಿ ಚಿಕಿತ್ಸಾಲಯದೆದುರು ನಿಲ್ಲುತ್ತದೆ. ನರ್ಸಮ್ಮ ಡಬ್ಬಿ ಹಿಡಿದು ಬಾಗಿಲಲ್ಲಿಯೇ ಕಾಯುತ್ತಿದ್ದಾರೆ. ಕಲ್ಲುಕುಟಿಗ ತಾತ ತೋಳಿನ ಹತ್ತಿಯನ್ನು ಒತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾನೆ.

"ಏನಮ್ಮಾ, ದಿನಾ ನಮ್ಮ ರಕ್ತ ಹೊತ್ಕೊಂಡು ಹೋಗ್ತೀಯಲ್ಲ, ಎಲ್ಲಾದ್ರೂ ಮಾರ್ಕೊಳ್ತೀಯಾ?"

"ನಿಮ್ಮದನ್ನ ಯಾರು ಕೊಳ್ತಾರೆ ತಾತ? ಮಾತ್ರೆ ನುಂಗಿ ನುಂಗಿ ಬರೀ ನೀರು."

ತಾತ ಕೆಮ್ಮುವವರೆಗೆ ನಗುತ್ತಾನೆ. ನರ್ಸಮ್ಮ ನಗುವುದಿಲ್ಲ. ಡಬ್ಬಿಯನ್ನು ವ್ಯಾನಿನೊಳಗೆ ಇಡುತ್ತಾ ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಇವತ್ತೇ ಅಲ್ಲವಾ ಅಕ್ಕ, ಕೊನೇ ದಿನ?"

"ಇವತ್ತೇ."

"ಒಂದು ಲೋಟ ಚಹಾ ಕುಡಿದು ಹೋಗಿ."

"ಇಳಿದು ಗೆದ್ದ ಮೇಲೆ ಕುಡಿಯೋಣ ನರ್ಸಮ್ಮ. ಈಗ ಕೂತ್ರೆ ಹೊತ್ತು ಮೀರುತ್ತೆ."

ಇಳಿಯುವ ದಾರಿಯಲ್ಲಿ ಗಣಿಯ ಲಾರಿಯೊಂದು ಅಡ್ಡ ನಿಂತು ಕಲ್ಲು ಇಳಿಸುತ್ತಿದೆ. ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಡಬ್ಬಿಯಕ್ಕ ಇಂಜಿನ್ನು ಆರಿಸಿ ಕಾಯುತ್ತಾರೆ. ಹೊತ್ತು ಹೋಗುತ್ತದೆ. ಲಾರಿ ಸರಿದ ಮೇಲೆ ಕಳೆದ ಹೊತ್ತನ್ನು ಹಿಡಿಯಬೇಕೆಂದರೆ ಬಯಲಿನ ದಾರಿಯಲ್ಲಿ ವೇಗ ಬೇಕು, ವೇಗಕ್ಕೆ ಡೀಸೆಲ್ ಬೇಕು. ಅವರ ಪಾದ ಒಂದು ಕ್ಷಣ ಭಾರವಾಗುತ್ತದೆ, ಮರುಕ್ಷಣ ಹಗುರಾಗುತ್ತದೆ. ಬುಡದ ಚಿಕಿತ್ಸಾಲಯದಲ್ಲಿ ಫ್ರಿಜ್ಜಿನ ಡಬ್ಬಿಗಳನ್ನು ಎತ್ತಿಕೊಂಡು, ಸಂತೆಯಂತೆ ಗಿಜಿಗುಡುವ ದೊಡ್ಡ ರಸ್ತೆಯನ್ನು ಬಿಟ್ಟು, ಕಾಲುವೆಯ ಬದಿಯ ಉದ್ದನೆಯ ದಾರಿಯನ್ನು ಹಿಡಿಯುತ್ತಾರೆ. ದೂರ ತುಸು ಹೆಚ್ಚು, ನಿಲ್ಲುವುದು ಎಲ್ಲಿಯೂ ಇಲ್ಲ. ಒಂದೇ ಗೇರು, ಒಂದೇ ವೇಗ, ಒಂದೇ ದನಿ. ಇದನ್ನು ಧ್ಯಾನವೆನ್ನದೆ ಬೇರೇನನ್ನಬೇಕು?

ಪ್ರಯೋಗಾಲಯದ ಅಂಗಳದಲ್ಲಿ ಮೀಟರ್ ಸಾರ್ ಕೋಲೂರಿಕೊಂಡು ನಿಂತಿದ್ದಾರೆ. ಡಬ್ಬಿಗಳು ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತವೆ. ಬಳಿಕ ವ್ಯಾನಿನ ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ ನೋಡುವುದು ಕ್ರಮ. ಎಷ್ಟು ಹಿಡಿಯಿತೆಂಬುದರಿಂದ ಎಷ್ಟು ಉಳಿದಿತ್ತೆಂಬುದು ತಿಳಿಯುತ್ತದೆ. ಪಂಪಿನ ಅಂಕಿಗಳು ತಿರುಗುತ್ತವೆ. ಡಬ್ಬಿಯಕ್ಕ ಅತ್ತ ನೋಡದೆ ಗಾಜಿನ ಮೇಲಿನ ದೂಳನ್ನು ಒರೆಸುತ್ತಿದ್ದಾರೆ. ಪಂಪು ಟಕ್ಕೆಂದು ನಿಲ್ಲುತ್ತದೆ.

"ಉಳಿದಿದೆ," ಎನ್ನುತ್ತಾರೆ ಮೀಟರ್ ಸಾರ್. "ಬೇಕಾದ್ದಕ್ಕಿಂತ ಒಂದು ಲೋಟ ಜಾಸ್ತೀನೇ ಉಳಿದಿದೆ. ಈ ಒಂದು ಲೋಟದ ಮಾತು ಮೇಲಿನವರಿಗೆ ನಾನಂತೂ ಹೇಳಲ್ಲ. ಹೇಳಿದ್ರೆ ಮತ್ತೆ ಕತ್ತರಿ ಹಿಡ್ಕೊಂಡು ಬರ್ತಾರೆ."

ಡಬ್ಬಿಯಕ್ಕ ಒರೆಸುವ ಬಟ್ಟೆಯನ್ನು ಮಡಿಸುತ್ತಾರೆ, ಬಿಡಿಸಿ ಮತ್ತೆ ಮಡಿಸುತ್ತಾರೆ. "ಹಾಗಾದ್ರೆ ಬೆಟ್ಟ?"

"ನಾಳೆಯಿಂದ ಬೆಟ್ಟ ದಾರಿಯೊಳಗಿದೆ. ನೀವು ಕದ್ದು ಹೋಗಬೇಕಾಗಿಲ್ಲ. ಈಗ ಹೇಳಿ, ನಿಮಗೇನು ಬೇಕು? ಡೀಸೆಲ್ ಒಂದು ಬಿಟ್ಟು ಏನು ಬೇಕಾದ್ರೂ ಕೇಳಿ."

ಅವರು ಯೋಚಿಸುವುದಿಲ್ಲ. ಬಹಳ ದಿನಗಳಿಂದ ನಾಲಗೆಯ ತುದಿಯಲ್ಲಿದ್ದ ಮಾತು. "ಎರಡು ದಿನ ರಜೆ ಬೇಕು ಸಾರ್."

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಬೆಟ್ಟ ಬಿಟ್ಟುಬಿಡಿ ಅಂದಾಗಿನಿಂದ ನಾನು ಒಂದು ದಿನಾನೂ ರಜೆ ಹಾಕಿಲ್ಲ. ಜ್ವರ ಬಂದ್ರೂ ಬಂದಿದ್ದೀನಿ. ನಾನು ಬರದಿದ್ರೆ ಮೇಲೆ ಹೋಗೋರು ಯಾರೂ ಇರ್ಲಿಲ್ಲವಲ್ಲ. ನಾನಿಲ್ಲದೇ ಇದ್ರೂ ಗಾಡಿ ಮೇಲೆ ಹೋಗುತ್ತಾ ಅಂತ ಒಂದ್ಸಲ ನೋಡ್ಬೇಕು. ಅಷ್ಟೇ ಆಸೆ."

ಮೀಟರ್ ಸಾರ್ ಬೇರೆ ದಾರಿಯ ಚಾಲಕನೊಬ್ಬನನ್ನು ಬೆಟ್ಟಕ್ಕೆ ಕಳುಹಿಸುವುದಾಗಿ ಹೇಳುತ್ತಾರೆ. ಕಾಲು ತುಸು ಜೋರಾದ ಮನುಷ್ಯ, ಆದರೂ ಹೇಳಿದ್ದು ಕೇಳುತ್ತಾನೆ.

"ಅವರಿಗೆ ಒಂದು ಮಾತು ಹೇಳಿ ಸಾರ್," ಎನ್ನುತ್ತಾರೆ ಡಬ್ಬಿಯಕ್ಕ, ವ್ಯಾನಿನ ಬಾಗಿಲಿಗೆ ಬೀಗ ಹಾಕುತ್ತಾ. "ಬೆಟ್ಟ ಇಳಿಯೋವಾಗ ಗೇರು ತೆಗೀಬಾರದು. ತೆಗೆದ್ರೆ ಗಾಳಿ ಸದ್ದು ಬಿಟ್ಟು ಬೇರೇನೂ ಕೇಳಲ್ಲ, ತುಂಬಾ ಚೆನ್ನಾಗಿರುತ್ತೆ. ಆದ್ರೂ ತೆಗೀಬಾರದು."